ಬಿಚ್ಚದ ಕೈ

ಫೋನ್ ಬಂದಾಗ ನಾನು ಮನೆಯ ಮೇಲೆ ಹತ್ತಿ ಹಳೆಯ ತಗಡಿನ ಪತ್ರಾಗಳ ಮೊಳೆ ಕೀಳುತ್ತಿದ್ದೆ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನವೆಂಬ ಊರಿನ ನಮ್ಮ ಮನೆಯ ಹಿಂಭಾಗ, ಅಡುಗೆ ಮಾಡುವ ಕಡೆ, ಮಳೆಗಾಲದಲ್ಲಿ ಸೋರುತ್ತಿತ್ತು. ಆ ಬೇಸಿಗೆಯಲ್ಲಿ ರಜೆ ಹಾಕಿ ಬಂದದ್ದೇ ಅದನ್ನು ಸರಿಮಾಡಲು. ಆಳಂದದಿಂದ ಹೊಸ ಪತ್ರಾ ತಂದು ಅಂಗಳದಲ್ಲಿ ಇಳಿಸಿದ್ದೆವು. ಅರ್ಧ ಛಾವಣಿ ಬಿಚ್ಚಿಯಾಗಿತ್ತು. ಕೆಳಗೆ ಒಲೆ, ಕೊಡ, ಗೋಡೆಗೆ ತೂಗುಹಾಕಿದ ಜರಡಿ ಎಲ್ಲ ಬಿಸಿಲಿಗೆ ಬಿದ್ದು ಬೇರೆ ಯಾರದೋ ಮನೆಯಂತೆ ಕಾಣುತ್ತಿದ್ದವು.

ನಾನಾಗ ಕಾಲ್ದಳದ ಒಂದು ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದೆ. ಫೋನ್ ಮಾಡಿದವರು ನಮ್ಮ ಕಂಪನಿಯ ಹವಾಲ್ದಾರ್ ಮೇಜರ್. ಮಾತು ಹಿಂದಿಯಲ್ಲಿ, ಒಂದೇ ಉಸಿರಿನಲ್ಲಿ: ರಜೆ ರದ್ದು, ಸಿಕ್ಕಿದ ಗಾಡಿ ಹಿಡಿದು ಬಾ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಲವು ದಿನಗಳಿಂದ ಟಿವಿಯಲ್ಲಿ ಗಡಿಯ ಸುದ್ದಿ ಬಿಟ್ಟರೆ ಬೇರೆ ಸುದ್ದಿಯೇ ಇರಲಿಲ್ಲ.

ಹೆಂಡತಿ ಕೆಳಗೆ ಏಣಿ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಕರದ್ರೇನ್ರಿ?"

"ಹೂಂ."

"ಯಾವಾಗ ಹೋಗಬೇಕು?"

"ಈಗ."

ಅವಳು ಬಿಚ್ಚಿದ ಛಾವಣಿಯತ್ತ ನೋಡಿದಳು, ಅಂಗಳದ ಪತ್ರಾಗಳನ್ನು ನೋಡಿದಳು. ಅಳುತ್ತಾಳೆಂದುಕೊಂಡೆ. ಅವಳಿಗೆ ಬಂದದ್ದು ಸಿಟ್ಟು.

"ಮನೀದು ನಾ ನೋಡ್ಕೋತೇನಿ. ನೀವು ಮೊದಲ ಕೆಳಗ ಇಳೀರಿ. ಕಾಲು ನಡಗಾಕತ್ತಾವ."

ಅದು ನಿಜ. ನನ್ನ ಕಾಲು ನಡುಗುತ್ತಿರುವುದು ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾಯಿತು.

ಅವ್ವ ಕಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಟ್ಟೆಯಲ್ಲಿ ಕಟ್ಟಿದಳು. ಮಗಳು ಅಂಗಳದ ಹೊಸ ಪತ್ರಾದ ಮೇಲೆ ಕುಣಿದು ಸದ್ದು ಮಾಡುತ್ತಿದ್ದಳು, ಯಾರೂ ಗದರಿಸಲಿಲ್ಲ. ಅಪ್ಪ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಳಂದದ ಬಸ್ ನಿಲ್ದಾಣಕ್ಕೆ ಬಂದ. ದಾರಿಯುದ್ದಕ್ಕೂ ಉತ್ತ ಕಪ್ಪು ಹೊಲಗಳು ಮಳೆಗೆ ಬಾಯಿ ತೆರೆದು ಬಿದ್ದಿದ್ದವು.

ನಿಲ್ದಾಣದ ಎದುರಿನ ಚಹಾ ಅಂಗಡಿಯವನಿಗೆ ನಾನು ಫೌಜಿಯೆಂದು ಗೊತ್ತಿತ್ತು. ಚಹಾ ಕೊಟ್ಟು, ಸುತ್ತ ಇದ್ದವರಿಗೆಲ್ಲ ಕೇಳುವಂತೆ, "ಈ ಸಲ ಬಿಡಬ್ಯಾಡ್ರಿ, ಒಮ್ಮೆಗೇ ಮುಗಿಸಿಬಿಡ್ರಿ" ಅಂದ. ನಾಲ್ಕಾರು ಜನ ಹೌದ್ಹೌದೆಂದರು. ಒಬ್ಬ ಮೊಬೈಲಿನಲ್ಲಿ ನನ್ನ ಫೋಟೋ ತೆಗೆಯಲು ಬಂದ. ಆಗ ಅಪ್ಪ ಮನೆ ಬಿಟ್ಟ ಮೇಲೆ ಮೊದಲ ಸಲ ಬಾಯಿ ತೆರೆದ.

"ಚಹಾ ಕುಡೀಲಿ ಬಿಡಪಾ. ಆಮ್ಯಾಲ ಮುಗಸ್ತಾನ."

ಜನ ನಕ್ಕರು. ಅಪ್ಪ ನಗಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯ ಸರಳಿನ ಮೇಲಿಟ್ಟ ನನ್ನ ಕೈಯನ್ನು ಒಮ್ಮೆ ಮುಟ್ಟಿ, ತಿರುಗಿ ನೋಡದೆ ಬೈಕಿನ ಕಡೆಗೆ ನಡೆದ.

ಕಲಬುರಗಿ ರೈಲು ನಿಲ್ದಾಣದಲ್ಲಿ, ನನ್ನಂತೆಯೇ ರಜೆ ರದ್ದಾಗಿ ಹೊರಟಿದ್ದ ಅಫಜಲಪುರದವನು ಸಿಕ್ಕ. ನಮ್ಮ ಕಂಪನಿಯಲ್ಲಿ ನಮ್ಮ ಕಡೆಯವರು ಮೂವರು: ಆಳಂದದ ನಾನು, ಅಫಜಲಪುರ ತಾಲೂಕಿನ ಅತನೂರಿನ ಇವನು, ಮತ್ತೆ ಜೇವರ್ಗಿಯ ಒಬ್ಬ ನಾಯಕ್, ನನಗಿಂತ ಒಂದು ದರ್ಜೆ ಕೆಳಗಿನವನು. ಪಲ್ಟನ್ನಿನಲ್ಲಿ ನಮ್ಮನ್ನು ಊರಿನಿಂದಲೇ ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದುಕೊಳ್ಳುತ್ತಿದ್ದೆವು. ಮೂವರೂ ಒಂದೇ ಸೆಕ್ಷನ್ನಿನಲ್ಲಿದ್ದೆವು. ಸೆಕ್ಷನ್ ಎಂದರೆ ಹತ್ತು ಜನರ ಗುಂಪು. ಅದರ ಹೊಣೆ ನನ್ನದು. ಅಫಜಲಪುರದವನು ನಮ್ಮ ಮಶೀನ್‌ಗನ್ ಹಿಡಿಯುವವನು. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಅದಕ್ಕೆ ತಕ್ಕ ಮೈ. ಅವನಿದ್ದಲ್ಲಿ ನಗೆ ಇರುತ್ತಿತ್ತು. ಆ ದಿನವೂ ಪ್ಲಾಟ್‌ಫಾರ್ಮಿನ ಮೇಲೆ ತನ್ನ ತಾಯಿಯನ್ನು ನಗಿಸಲು ಏನೇನೋ ಹೇಳುತ್ತಿದ್ದ. ಅತನೂರಿನಿಂದ ಮಗನ ಜೊತೆ ಬಂದಿದ್ದ ಆಕೆ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ಅವನು ನೀರು ತರಲು ಹೋದಾಗ ನನ್ನ ಹತ್ತಿರ ಬಂದಳು.

"ನೀವು ದೊಡ್ಡವರಿದ್ದೀರಿ. ಇವ ನಗತಾನಂತ ನಂಬಬ್ಯಾಡ್ರಿ. ಸಣ್ಣವಿದ್ದಾಗಿಂದ ಹಿಂಗ. ಒಳಗೊಂದು ಇರ್ತದ, ಹೊರಗೊಂದು ಇರ್ತದ."

"ನಾ ಇದ್ದೇನಲ್ರಿ ಯವ್ವಾ" ಎಂದೆ. ಅಂಥ ಹೊತ್ತಿನಲ್ಲಿ ಬೇರೆ ಏನನ್ನಬೇಕು?

ನಾವು ಸೇನೆಯ ಛಾವಣಿ ತಲುಪುವಷ್ಟರಲ್ಲಿ ಪಲ್ಟನ್ನಿನ ಚಹರೆಯೇ ಬದಲಾಗಿತ್ತು. ಹೊರಗಿನಿಂದ ನೋಡಿದರೆ ದಿನಚರಿ ಹಳೆಯದೇ. ಬೆಳಕು ಹರಿಯುವ ಮೊದಲು ಸೀಟಿ, ಮೈದಾನ, ಓಟ, ಲಂಗರ್ ಎಂದು ಕರೆಯುವ ಫೌಜಿನ ಅಡುಗೆಮನೆಯಲ್ಲಿ ಊಟ, ಮತ್ತೆ ಮೈದಾನ. ಆದರೆ ಮೊದಲು ಬರಿಗೈಯಲ್ಲಿ ಓಡುತ್ತಿದ್ದವರು ಈಗ ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ಓಡುತ್ತಿದ್ದೆವು. ಮೊದಲು ವರ್ಷಕ್ಕೊಮ್ಮೆ ಅಗೆಯುತ್ತಿದ್ದ ಕಂದಕಗಳನ್ನು ಈಗ ದಿನವೂ ಅಗೆದು, ದಿನವೂ ಮುಚ್ಚುತ್ತಿದ್ದೆವು. ಪ್ರತಿಯೊಬ್ಬನ ಬಂದೂಕನ್ನೂ ಗುರಿಗೆ ಸರಿಹೊಂದಿಸಿದರು. ಶಿರಸ್ತ್ರಾಣದ ಪಟ್ಟಿಯ ಮೇಲೆ ರಕ್ತದ ಗುಂಪು ಬರೆಸಿದರು. ಕತ್ತಿನ ಗುರುತಿನ ಬಿಲ್ಲೆ ಇದೆಯೋ ಇಲ್ಲವೋ ಎಂದು ನಮ್ಮ ಮೇಲಿನ ಸುಬೇದಾರ ಸಾಹೇಬರು ತಾವೇ ಬಂದು ಅಂಗಿಯೊಳಗೆ ಕೈಹಾಕಿ ನೋಡುತ್ತಿದ್ದರು. ಮೊದಲಾದರೆ ಸಣ್ಣ ತಪ್ಪಿಗೂ ಬೈಯುತ್ತಿದ್ದ ಮನುಷ್ಯ ಅವರು. ಈಗ ಬೈಯುವುದನ್ನೇ ಬಿಟ್ಟಿದ್ದರು. ನಮಗೆ ಅದೇ ಹೆಚ್ಚು ಅಂಜಿಕೆ ಹುಟ್ಟಿಸಿತು.

ಲಂಗರಿನ ಊಟ ಇದ್ದಕ್ಕಿದ್ದಂತೆ ರುಚಿಯಾಯಿತು. ವಾರದ ನಡುವೆ ಖೀರು ಬಡಿಸಿದ ದಿನ ಇಡೀ ಸಾಲು ತಟ್ಟೆಯನ್ನೊಮ್ಮೆ, ಬಡಿಸುವವನನ್ನೊಮ್ಮೆ ನೋಡಿತು. ಅಫಜಲಪುರದವನು ತಟ್ಟೆ ಎತ್ತಿ, ನಮಗಷ್ಟೇ ತಿಳಿಯುವ ಕನ್ನಡದಲ್ಲಿ, "ಕೊಯ್ಯೂ ಮುಂದ ಹೋತಿಗೆ ಹಿಂಗ ಹಿಂಡಿ ಹಾಕ್ತಾರ ನೋಡು" ಎಂದ. ಜೇವರ್ಗಿಯವನು ನಗೆ ತಡೆಯಲಾರದೆ ಖೀರು ಮೂಗಿಗೆ ಏರಿಸಿಕೊಂಡ. ಉಳಿದವರು ಏನೆಂದು ಕೇಳಿದರು. ನಾವು ಹೇಳಲಿಲ್ಲ.

ಜೇವರ್ಗಿಯವನು ನನ್ನ ವಯಸ್ಸಿನವನು, ಕಡಿಮೆ ಮಾತಿನವನು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಅವನ ಹಿಂದಿಯಲ್ಲಿ ನಮ್ಮ ಕಡೆಯ ಉರ್ದುವಿನ "ನಕ್ಕೋ", "ಹೌ" ಬಂದಾಗಲೆಲ್ಲ ಉತ್ತರದ ಹುಡುಗರು ಅಣಕಿಸುತ್ತಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದರಲ್ಲಿ ಮಾತ್ರ ಅವನಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಗಾಯಗೊಂಡವನನ್ನು ಹೆಗಲ ಮೇಲೆ ಹೊತ್ತು ಓಡುವ ಅಭ್ಯಾಸದಲ್ಲಿ ಅಫಜಲಪುರದವನು ಯಾರ ಪಾಲಿಗೆ ಬರುತ್ತಾನೋ ಎಂದು ಎಲ್ಲರಿಗೂ ದಿಗಿಲು. ಅವನೋ ಸತ್ತವನಂತೆ ಬಿದ್ದುಕೊಂಡು, ಹೊತ್ತವನ ಕಿವಿಯಲ್ಲಿ, "ನಿಧಾನ ಒಯ್ಯಪಾ, ಮೈ ನೋಯ್ತದ" ಎನ್ನುತ್ತಿದ್ದ.

ಒಂದು ದಿನ ದೊಡ್ಡ ಶೆಡ್ಡಿನೊಳಗೆ ನೆಲದ ಮೇಲೆ ಮಣ್ಣಿನಿಂದ ಗುಡ್ಡ ಕಟ್ಟಿದರು. ಹಳ್ಳಕ್ಕೆ ನೀಲಿ ದಾರ, ದಾರಿಗೆ ಸುಣ್ಣ, ನಮ್ಮ ಜಾಗಗಳಿಗೆ ಇಟ್ಟಿಗೆಯ ಚೂರು. ನಮ್ಮ ಕಂಪನಿಯ ಅಧಿಕಾರಿ ಮೇಜರ್ ಸಾಹೇಬರು ಕೋಲಿನಿಂದ ತೋರಿಸುತ್ತ ವಿವರಿಸಿದರು. ಆ ಗುಡ್ಡ ಯಾವ ಊರಿನದೆಂದು ಹೇಳಲಿಲ್ಲ. ನಮ್ಮ ಸೆಕ್ಷನ್ನಿನ ಇಟ್ಟಿಗೆ ಚೂರು ಎಲ್ಲಕ್ಕಿಂತ ಮುಂದೆ, ಗುಡ್ಡದ ಮೂಗಿನ ಮೇಲಿತ್ತು. ಅಫಜಲಪುರದವನು ಅದನ್ನು ಬಹಳ ಹೊತ್ತು ನೋಡಿದ. ಆ ದಿನ ಅವನು ಏನೂ ತಮಾಷೆ ಮಾಡಲಿಲ್ಲ. ನಾನು ಗಮನಿಸಿದೆ, ಆದರೆ ಏನೂ ಕೇಳಲಿಲ್ಲ. ಆ ದಿನಗಳಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಅದಾದ ಮೇಲೆ ಬಂದದ್ದು ನಿಜವಾದ ಕೈಬಾಂಬು ಎಸೆಯುವ ಅಭ್ಯಾಸ.

ಊರಿನಿಂದ ದೂರ, ಕುರುಚಲು ಬಯಲಿನಲ್ಲಿ ಎದೆಯೆತ್ತರದ ದಪ್ಪ ಗೋಡೆಯೊಂದಿತ್ತು. ಅದರ ಹಿಂದೆ ಇಬ್ಬರಷ್ಟೇ ನಿಲ್ಲಬೇಕು: ಎಸೆಯುವವನು, ಮತ್ತೆ ಅವನಿಗೆ ಹೇಳಿಕೊಡುವವನು. ಉಳಿದವರೆಲ್ಲ ಹಿಂದಿನ ಮರಳುಚೀಲಗಳ ಆಚೆ ತಲೆ ತಗ್ಗಿಸಿ ಕೂರಬೇಕು. ಬಾಂಬಿಗೆ ಒಂದು ಪಿನ್ನು, ಮೈಗೆ ಒತ್ತಿಕೊಂಡ ಒಂದು ಲೋಹದ ಪಟ್ಟಿ. ಪಿನ್ನು ಕಿತ್ತರೂ ಮುಷ್ಟಿಯಲ್ಲಿ ಪಟ್ಟಿ ಬಿಗಿ ಹಿಡಿದಿರುವವರೆಗೆ ಏನೂ ಆಗುವುದಿಲ್ಲ. ಮುಷ್ಟಿ ಸಡಿಲಿ ಪಟ್ಟಿ ಹಾರಿತೋ, ನಾಲ್ಕೈದು ಎಣಿಸುವುದರೊಳಗೆ ಸಿಡಿಯುತ್ತದೆ. ನನ್ನ ಸೆಕ್ಷನ್ನಿನವರಿಗೆ ಹೇಳಿಕೊಡುವವನು ನಾನೇ. ಒಬ್ಬೊಬ್ಬರಾಗಿ ಬಂದು ಎಸೆದು ಹೋದರು. ಜೇವರ್ಗಿಯವನು ತುಟಿಯಲ್ಲಿ ಏನೋ ಪಠಿಸಿ, ಗುರುತಿನ ಕಂಬದ ಬುಡಕ್ಕೇ ಹಾಕಿದ. ಆಮೇಲೆ ಅಫಜಲಪುರದವನು ಬಂದ.

ನಗುತ್ತಲೇ ಬಂದ. ನಾನು ಹೇಳಿದಂತೆ ನಿಂತ. ಪಿನ್ನು ಎಳೆದ. "ಫೇಂಕೋ!" ಎಂದೆ. ಎಸೆಯಲು ತೋಳನ್ನು ಹಿಂದಕ್ಕೆ ತಂದ. ತೋಳು ಅಲ್ಲೇ ನಿಂತುಬಿಟ್ಟಿತು.

ಗುರಿ ನೋಡುತ್ತಿದ್ದಾನೆ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಅವನು ಅಲುಗಲಿಲ್ಲ. ಮುಖ ನೋಡಿದೆ. ಆ ಮುಖ ನನಗೆ ಗುರುತೇ ಸಿಗಲಿಲ್ಲ. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಣ್ಣಾ," ಎಂದ, ಬಹಳ ಮೆಲ್ಲಗೆ. ಮೈದಾನದಲ್ಲಿ ಅವನು ನನ್ನನ್ನು ಉಸ್ತಾದ್ ಎಂದೇ ಕರೆಯಬೇಕು, ಹಾಗೆಯೇ ಕರೆಯುತ್ತಿದ್ದ. "ಅಣ್ಣಾ, ಕೈ ಬಿಚ್ಚವಲ್ದು."

"ಏನಂದಿ?"

"ಬೆರಳು ನನ್ನ ಮಾತ ಕೇಳವಲ್ವು."

ಹಾಗೆ ಸೆಟೆದ ಕೈ ಎಷ್ಟು ಹೊತ್ತು ಹಿಡಿದೀತು? ಬಿಟ್ಟರೆ ಒಮ್ಮೆಗೇ ಬಿಡುತ್ತದೆ. ಬಿಟ್ಟರೆ ಬಾಂಬು ನಮ್ಮಿಬ್ಬರ ಕಾಲ ಬುಡದಲ್ಲಿ.

ಹಿಂದಿನಿಂದ ಸುಬೇದಾರ ಸಾಹೇಬರು ಎಸೆಯೆಂದು ಕೂಗಿದರು. ಪ್ರತಿ ಕೂಗಿಗೂ ಇವನ ಹೆಗಲು ಹಾರುತ್ತಿತ್ತು. ನಾನು ತಿರುಗದೆಯೇ, ಯಾರೂ ಮಾತಾಡಬಾರದೆಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದೆ. ಹವಾಲ್ದಾರನೊಬ್ಬ ಸುಬೇದಾರರ ಬಾಯಿ ಮುಚ್ಚಿಸುವುದುಂಟೇ! ಆದರೆ ಮುಚ್ಚಿಸಿದೆ, ಅವರೂ ಸುಮ್ಮನಾದರು.

"ನೀ ಹೊರಗ ಹೋಗಣ್ಣಾ," ಎಂದ ಅವನು. "ನಾ ಹಿಂಗ ಹಿಡಕೊಂಡು ನಿಂತಿರ್ತೇನಿ. ನಿಂಗ ಮಗಳದಾಳ."

ನನ್ನ ಕಾಲುಗಳು ಆ ಮಾತನ್ನು ಕೇಳಲು ಸಿದ್ಧವಾಗಿದ್ದವು. ಹಿಂದಿನ ಮರೆ ಬಹಳ ದೂರವೇನಿರಲಿಲ್ಲ. ಅದನ್ನು ಇಲ್ಲಿ ಬರೆಯದಿದ್ದರೆ ಈ ಕಥೆ ಹೇಳಿ ಉಪಯೋಗವಿಲ್ಲ.

"ಹುಚ್ಚದೀಯೇನಲೇ ತಮ್ಮಾ? ನಾ ಎಲ್ಲಿ ಹೋಗ್ಲಿ," ಎಂದು ಅವನ ಮುಷ್ಟಿಯ ಮೇಲೆ ನನ್ನ ಎರಡೂ ಕೈ ಮುಚ್ಚಿದೆ. ಅಂಥ ಬಿಸಿಲಿನಲ್ಲೂ ಅವನ ಕೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. "ಈಗ ಬಿಚ್ಚಬ್ಯಾಡ. ಯಾರೂ ಬಿಚ್ಚು ಅಂದಿಲ್ಲ. ಇನ್ನೂ ಗಟ್ಟಿ ಹಿಡಿ. ನಾನೂ ಹಿಡದೇನಿ."

ಅವನು ಗಟ್ಟಿ ಹಿಡಿದ. ಹಿಡಿಯೆಂದಾಗ ಕೈ ಮಾತು ಕೇಳಿತು. ತೋಳನ್ನು ನಿಧಾನವಾಗಿ ಕೆಳಗೆ, ಹೊಟ್ಟೆಯ ಮಟ್ಟಕ್ಕೆ ತಂದೆವು. ಈಗ ಇಬ್ಬರ ಉಸಿರೂ ಒಬ್ಬರದೊಬ್ಬರಿಗೆ ಕೇಳುತ್ತಿತ್ತು.

"ಜೋಳದ ಹೊಲದಾಗ ಹಕ್ಕಿ ಕಾದೀಯಿಲ್ಲೋ?"

"ಕಾದೇನಿ."

"ಕವಣಿ ಬೀಸೀಯಿಲ್ಲೋ?"

"ಬೀಸೇನಿ."

"ಕಲ್ಲ ಬಿಡೂ ಮುಂದ ಬೆರಳ ನೋಡ್ತಿದ್ದೇನು, ಹಕ್ಕಿ ನೋಡ್ತಿದ್ದೇನು?"

"ಹಕ್ಕಿ."

"ಹಂಗ ಈಗ ಆ ಕಂಬ ನೋಡು. ಕೈ ಮರತ ಬಿಡು."

ಅವನು ತಲೆಯೆತ್ತಿ ನೋಡಿದ. ಇದು ಆಯಿತು ಎಂದೇ ನಾನು ತಿಳಿದೆ.

"ಕಾಣವಲ್ದಣ್ಣಾ," ಎಂದ. "ಕಣ್ಣಾಗ ನೀರು ತುಂಬ್ಯಾವ."

ಇನ್ನು ಮಾತಿನಿಂದ ಪ್ರಯೋಜನವಿರಲಿಲ್ಲ. ನನ್ನ ಅಂಗೈಯ ಕೆಳಗೆ ಅವನ ಬೆರಳುಗಳು ಸಡಿಲತೊಡಗಿದ್ದವು. "ನೋಡಬ್ಯಾಡ ಹಂಗಾರ. ಕಣ್ಣು ಮುಚ್ಚು. ಇಬ್ರೂ ಕೂಡಿ ಒಗಿಯೋಣು. ಮೇವಿನ ಸಿವುಡು ಗಾಡಿ ಮ್ಯಾಲ ಒಗೀತಾರಲ್ಲ, ಹಂಗ, ಕೆಳಗಿಂದ. ನಾ ಹೂಂ ಅಂದಕೂಡ್ಲೇ."

ಅವನ ಬೆನ್ನಿಗೆ ಎದೆಯೊತ್ತಿ ನಿಂತೆ. ಅವನ ಬಲಗೈಯ ಮೇಲೆ ನನ್ನ ಬಲಗೈ. ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತೂಗಿದೆವು. ಮೂರನೆಯ ತೂಗಿಗೆ "ಹೂಂ" ಎಂದು, ನನ್ನ ಹೆಬ್ಬೆರಳನ್ನು ಅವನ ಹೆಬ್ಬೆರಳ ಬುಡಕ್ಕೆ ಇರಿದಂತೆ ಒತ್ತಿದೆ. ಮುಷ್ಟಿ ತೆರೆಯಿತು. ಪಟ್ಟಿ ಹಾರಿದ ಸಣ್ಣ 'ಟಿಣ್' ಸದ್ದು ಕೇಳಿಸಿತು. ಬಾಂಬು ಗೋಡೆಯ ಮೇಲಿಂದ ಹಾರಿತೆಂದು ಮಾತ್ರ ಗೊತ್ತು, ಎಷ್ಟು ದೂರವೆಂದು ಗೊತ್ತಿಲ್ಲ. ಅವನನ್ನು ಕೆಳಗೆ ಕೆಡವಿ ಮೇಲೆ ಬಿದ್ದೆ.

ಸಿಡಿದದ್ದು ಗೋಡೆಯ ತೀರ ಹತ್ತಿರ. ನೆಲ ನಮ್ಮನ್ನು ಒಮ್ಮೆ ಎತ್ತಿ ಹಾಕಿತು. ಬೆನ್ನ ಮೇಲೆ ಮಣ್ಣು ಸುರಿಯಿತು. ಎಡಗಿವಿಯಲ್ಲಿ ಶುರುವಾದ ಸೀಟಿ ಎಷ್ಟೋ ದಿನ ನಿಲ್ಲಲಿಲ್ಲ. ಅವನು ನನ್ನ ಕೆಳಗಿನಿಂದ ಕೇಳುತ್ತಿದ್ದ:

"ಹೋತೇನಣ್ಣಾ? ಕೈಯಾಗಿಂದ ಹೋತೇನು?"

"ಹೋತು."

ಅವನು ಎದ್ದು ಕೂತು ಅಂಗೈ ನೋಡಿಕೊಂಡ. ಪಟ್ಟಿಯ ಅಚ್ಚು ಕೆಂಪಗೆ ಮೂಡಿತ್ತು. ಸುಬೇದಾರ ಸಾಹೇಬರು ಓಡಿ ಬಂದು ಮೊದಲು ನಮ್ಮಿಬ್ಬರ ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಅವರೂ ಅಲ್ಲೇ ಗೋಡೆಗೊರಗಿ ಕೂತರು.

ಮಧ್ಯಾಹ್ನ ಮೇಜರ್ ಸಾಹೇಬರು ನನ್ನನ್ನು ಕರೆಸಿದರು. ಸುಬೇದಾರ ಸಾಹೇಬರೂ ಅಲ್ಲಿದ್ದರು. ಪಲ್ಟನ್ ಮುಂದೆ ಹೋದಾಗ ಕೆಲವರು ಹಿಂದೆ ಉಳಿದು ಉಗ್ರಾಣ ಕಾಯಬೇಕು, ಸಂಸಾರಗಳನ್ನು ನೋಡಿಕೊಳ್ಳಬೇಕು. ಅದೂ ಕೆಲಸವೇ, ಅದರಲ್ಲಿ ಅವಮಾನವಿಲ್ಲ, ಅವನನ್ನು ಅಲ್ಲಿಗೆ ಹಾಕೋಣ ಎಂದು ಸುಬೇದಾರ ಸಾಹೇಬರ ಮಾತು. "ಮಶೀನ್‌ಗನ್ ಹಿಡಿದವನ ಕೈ ಅಲ್ಲಿ ಹೀಗಾದರೆ ಸಾಯುವವನು ಅವನೊಬ್ಬನೇ ಅಲ್ಲ" ಎಂದರು. ಅವರು ಕೆಟ್ಟವರಲ್ಲ, ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಮೇಜರ್ ಸಾಹೇಬರು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು. "ಸೆಕ್ಷನ್ ನಿನ್ನದು. ಸಂಜೆಯೊಳಗೆ ನಿನ್ನ ಅಭಿಪ್ರಾಯ ಹೇಳು."

ನಾನು ಬ್ಯಾರಕ್ಕಿನ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಕೂತೆ. ಜೇವರ್ಗಿಯವನು ಎರಡು ಲೋಟ ಚಹಾ ಹಿಡಿದು ಬಂದ. ನನಗೆ ಎಡಗಿವಿ ಕೇಳುತ್ತಿಲ್ಲವೆಂದು ಬಲಕ್ಕೆ ಕೂತ.

"ಅವರವ್ವನ ಮುಖ ಕಣ್ಣ ಮುಂದ ಬರಾಕತ್ತದ," ಎಂದೆ. "ಕರ್ಕೊಂಡು ಹೋಗಿ ಏನರ ಆದ್ರ ಆಕಿ ಮುಂದ ಹ್ಯಾಂಗ ನಿಲ್ಲಲಿ?"

"ಅದು ನಮ್ಮ ಎಲ್ಲರ ಅವ್ವಗಳದೂ ಅದ ದೋಸ್ತ," ಎಂದ. "ನೀ ಹಂಗ ಯೋಚನಿ ಮಾಡಬ್ಯಾಡ. ನಾ ಗಾಯ ಆಗಿ ನೆಲಕ್ಕ ಬಿದ್ದೇನಿ ಅಂತ ತಿಳ್ಕೊ. ಆಗ ಮಶೀನ್‌ಗನ್ ಮ್ಯಾಲ ಯಾರ ಕೈ ಇರಬೇಕಂತಿ?"

"ಅವಂದು." ಯೋಚಿಸದೆಯೇ ಬಾಯಿಂದ ಬಂತು.

"ನಂದೂ ಅದ ಮಾತು. ಖರೇ, ಅವಗ ಏನನಸ್ತದ ಕೇಳು. ಎಲ್ಲಾರ ಮುಂದ ಬ್ಯಾಡ."

ಅಫಜಲಪುರದವನು ವರಾಂಡದಲ್ಲಿ ಒಬ್ಬನೇ ಕೂತು ತನ್ನ ಗನ್ನಿನ ಬಿಡಿಭಾಗಗಳಿಗೆ ಎಣ್ಣೆ ಒರೆಸುತ್ತಿದ್ದ. ನಾನು ಹತ್ತಿರ ಕೂತರೂ ತಲೆಯೆತ್ತಲಿಲ್ಲ.

"ಹಿಂದ ಉಳಿಯಂತಾರ. ಉಳೀತೀಯೇನು?"

ಒಂದು ಭಾಗ ಒರೆಸಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡ.

"ಖರೇ ಹೇಳ್ಲೇನಣ್ಣಾ? ಸುಬೇದಾರ ಸಾಹೇಬ್ರು ಆ ಮಾತು ಅಂದಾರಂತ ಕಿವಿಗೆ ಬಿದ್ದಾಗ ಎದಿ ಹಗುರಾತು. ಒಂದ ಗಳಗಿ. ಆಮ್ಯಾಲ ಹಂಗ ಹಗುರಾದದ್ದಕ್ಕ ನಾಚಿಕಿ ಬಂತು." ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. "ಆ ಮಣ್ಣಿನ ಗುಡ್ಡದ ಮ್ಯಾಲ ನಮ್ಮ ಇಟ್ಟಂಗಿ ಚೂರು ನೋಡಿದಾಗಿಂದ ಹೊಟ್ಟ್ಯಾಗ ಏನೋ ಕುಂತದ. ನಗಸ್ತೇನಿ, ಉಣ್ತೇನಿ, ಅದು ಏಳವಲ್ದು. ನಂಗ ಅಂಜಿಕಿ ಅದ. ನಿಂಗಿಲ್ಲೇನು?"

"ಅದ."

"ಮತ್ತ ನಿನ್ನ ಯಾಕ ಹಿಂದ ಬಿಡವಲ್ರು?"

ಅವನು ವಾದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ಬಹುಶಃ ನನಗೂ ಅವನಿಗೂ ಇದ್ದ ವ್ಯತ್ಯಾಸ ಇಷ್ಟೇ: ನನ್ನ ಅಂಜಿಕೆ ಕಾಲಿಗೆ ಬರುತ್ತಿತ್ತು, ಪ್ಯಾಂಟಿನೊಳಗೆ ಯಾರಿಗೂ ಕಾಣುತ್ತಿರಲಿಲ್ಲ. ಅವನದು ಕೈಗೆ ಬಂತು.

ಸಂಜೆ ಮೇಜರ್ ಸಾಹೇಬರಿಗೆ ಹೇಳಿದೆ: ಇನ್ನೊಮ್ಮೆ ಎಸೆಯಲಿ, ಜೊತೆಗೆ ನಾನೇ ನಿಲ್ಲುತ್ತೇನೆ, ಆಗದಿದ್ದರೆ ಹಿಂದೆ ಬಿಡೋಣ. ಸುಬೇದಾರ ಸಾಹೇಬರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಮೇಜರ್ ಸಾಹೇಬರು ಒಪ್ಪಿದರು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಡೆಯ ಹಿಂದೆ ನಿಂತೆವು. ರಾತ್ರಿಯೆಲ್ಲ ನನಗೆ ನಿದ್ದೆ ಬಂದಿರಲಿಲ್ಲ. ಅವನಿಗೂ ಬಂದಿರಲಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದವು. ಪಿನ್ನು ಎಳೆಯುವ ಮೊದಲು ಅವನು ನನ್ನ ಕಡೆ ನೋಡಿ, "ಮಾತಾಡಬ್ಯಾಡಣ್ಣಾ, ಸುಮ್ಮ ನಿಂದ್ರು," ಎಂದ. ಸುಮ್ಮನೆ ನಿಂತೆ. ತೋಳು ಹಿಂದಕ್ಕೆ ಹೋಯಿತು, ಒಂದು ಕ್ಷಣ ತಡೆಯಿತು. ಆಮೇಲೆ ಬಾಂಬು ಹೋಯಿತು. ಕಂಬದಿಂದ ಎಲ್ಲೋ ದೂರ, ಓರೆಯಾಗಿ ಬಿತ್ತು. ಎರಡನೆಯದು ಸ್ವಲ್ಪ ಹತ್ತಿರ ಬಿತ್ತು. ಒಳ್ಳೆಯ ಎಸೆತಗಳೇನೂ ಅಲ್ಲ. ಹೊರಗೆ ಬಂದವನೇ ಮರಳುಚೀಲಗಳ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಮೇಜರ್ ಸಾಹೇಬರು ಅದನ್ನೂ ನೋಡಿದರು. "ಚಲೇಗಾ", ನಡೆದೀತು, ಎಂದು ಜೀಪು ಹತ್ತಿದರು.

ಹೊರಡುವ ಹಿಂದಿನ ಮಧ್ಯಾಹ್ನ ಎಲ್ಲರಿಗೂ ಮನೆಗೆ ಒಂದು ಫೋನ್ ಮಾಡಲು ಬಿಟ್ಟರು. ಆಮೇಲೆ ಮೊಬೈಲುಗಳನ್ನೆಲ್ಲ ಚೀಲದಲ್ಲಿ ಹಾಕಿ ಕಟ್ಟಿಡುವುದಿತ್ತು. ಮೈದಾನದ ತುಂಬ ಜನ ದೂರದೂರ ನಿಂತು, ಗೋಡೆಗೆ, ಗಿಡಕ್ಕೆ, ನೆಲಕ್ಕೆ ಮುಖಮಾಡಿ ಮಾತಾಡುತ್ತಿದ್ದರು. ಎಷ್ಟೋ ಭಾಷೆ, ಆದರೆ ಎಲ್ಲರೂ ಹೇಳುತ್ತಿದ್ದ ಸುಳ್ಳು ಒಂದೇ.

"ತರಬೇತಿಗೆ ಹೊಂಟೇವಿ," ಎಂದೆ ಹೆಂಡತಿಗೆ. "ಸ್ವಲ್ಪ ದಿನ ಫೋನ್ ಹತ್ತಂಗಿಲ್ಲ."

"ನನ್ನ ಹುಚ್ಚಿ ಅಂತ ತಿಳ್ಕೊಂಡೀರಿ," ಎಂದಳು. "ಪತ್ರಾ ಬಡದಾತು," ಎಂದು ಮಾತು ತಿರುಗಿಸಿದಳು. "ನಮ್ಮಣ್ಣ ಬಂದಿದ್ದ. ಮೊನ್ನಿ ಮಳಿ ಬಂತು. ಒಂದ ಹನಿ ಒಳಗ ಬರಲಿಲ್ಲ."

ಅಪ್ಪ ಫೋನು ತೆಗೆದುಕೊಂಡು, ಅಲ್ಲಿ ಸೆಕೆಯೋ ಚಳಿಯೋ ಎಂದಷ್ಟೇ ಕೇಳಿದ. ಮಗಳು ಮಾತಾಡಲು ಒಲ್ಲೆನೆಂದು ಓಡಿಹೋದಳಂತೆ. ಅದೇ ಒಳ್ಳೆಯದಾಯಿತು ಎನಿಸಿತು. ಅವಳ ದನಿ ಕೇಳಿದ್ದರೆ ಆ ಸುಳ್ಳನ್ನು ಕೊನೆಯವರೆಗೆ ಹಿಡಿದಿಡುವುದು ನನ್ನಿಂದ ಆಗುತ್ತಿರಲಿಲ್ಲ.

ರೈಲು, ಆಮೇಲೆ ಲಾರಿ, ಆಮೇಲೆ ಕಾಲ್ನಡಿಗೆ. ಜಾಗ ಮುಟ್ಟಿದಾಗ ಅದು ಮಣ್ಣಿನಲ್ಲಿ ಕಟ್ಟಿದ್ದ ಗುಡ್ಡವೇ ಎಂದು ಗೊತ್ತಾಯಿತು, ಹಳ್ಳದಲ್ಲಿ ಮಾತ್ರ ನೀರಿರಲಿಲ್ಲ. ಅಲ್ಲಿ ನಾವು ಮಾಡಿದ ಮುಖ್ಯ ಕೆಲಸ ಅಗೆಯುವುದು ಮತ್ತು ಕಾಯುವುದು. ದೂರದಲ್ಲಿ ಫಿರಂಗಿಗಳ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ಬಂದಾಗಿನದಕ್ಕಿಂತ ನಿಂತಾಗಲೇ ಹೆಚ್ಚು ಕಷ್ಟ. ಮುಂದಿನದು ಎಲ್ಲಿಗೆ ಎಂದು ಮೈಯೆಲ್ಲ ಕಿವಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಫಿರಂಗಿಯ ಗುಂಡುಗಳು ನಮ್ಮ ಮೇಲೆಯೇ ಬಿದ್ದವು. ಮೊದಲನೆಯದು ಕೆಳಗಿನ ಇಳಿಜಾರಿನಲ್ಲಿ, ಎರಡನೆಯದು ನಮ್ಮ ಕಂದಕದ ಹಿಂದೆ. ಹೊಗೆ ಸರಿದಾಗ ಜೇವರ್ಗಿಯವನು ಕಂದಕದ ಗೋಡೆಗೆ ಒರಗಿ ತನ್ನ ಮೊಣಕಾಲಿನ ಕೆಳಗೆ ನೋಡಿಕೊಳ್ಳುತ್ತಿದ್ದ. ಪ್ಯಾಂಟು ಹರಿದು ರಕ್ತ ಹರಿಯುತ್ತಿತ್ತು. ನೋವಿಗೆ ಅವನು ಉರ್ದುವಿನಲ್ಲಿ ತಾಯಿಯನ್ನು ಕೂಗಿದ. ನಾನು ಅವನ ಹತ್ತಿರವಿದ್ದ ಗಾಯದ ಪಟ್ಟಿಯಿಂದಲೇ ಕಟ್ಟತೊಡಗಿದೆ. ನನ್ನ ಕೈ ತಪ್ಪಿದಾಗಲೆಲ್ಲ ಅವನೇ ಹಲ್ಲು ಕಚ್ಚಿ, "ಮ್ಯಾಲ ಕಟ್ಟು, ಇನ್ನೂ ಮ್ಯಾಲ," ಎಂದು ಹೇಳಿಕೊಡುತ್ತಿದ್ದ.

ಅಫಜಲಪುರದವನು ನಮ್ಮಿಂದ ಎರಡು ಮಾರು ದೂರದಲ್ಲಿ ಗನ್ನಿನ ಹಿಂದೆ ಬಿದ್ದುಕೊಂಡಿದ್ದ. ಗೆಳೆಯ ಅಷ್ಟು ಕೂಗಿದರೂ ಅವನು ಹಿಂದಕ್ಕೆ ತಿರುಗಲಿಲ್ಲ. ತಿರುಗಬಾರದು, ಅವನ ಕೆಲಸ ಮುಂದೆ ನೋಡುವುದು. ಮತ್ತೆ ಬಿದ್ದವು, ಮಣ್ಣು ಹಾರಿತು, ಅವನು ಅಲ್ಲೇ ಇದ್ದ. ಎಲ್ಲ ನಿಂತ ಮೇಲೆ, ನಾನು ಹೇಳಿದ ಮೇಲೆಯೇ, ಗನ್ನನ್ನು ಇನ್ನೊಬ್ಬನಿಗೆ ಕೊಟ್ಟು ತೆವಳುತ್ತ ಬಂದ. ಜೇವರ್ಗಿಯವನ ತಲೆಯನ್ನು ಎದೆಗೆ ಒತ್ತಿಕೊಂಡು ಕೂತ. "ಮಹಾರಾಯ, ಸ್ವಲ್ಪ ಸಡ್ಲ ಬಿಡು, ಉಸರ ಹಿಡೀತು," ಎಂದ ಜೇವರ್ಗಿಯವನು. ಕೆಳಗಿನಿಂದ ಸ್ಟ್ರೆಚರ್ ಬರುವವರೆಗೂ ಅವನು ಸಡಿಲಿಸಲಿಲ್ಲ.

ಕೆಲವು ದಿನಗಳ ಮೇಲೆ ಎರಡೂ ಕಡೆ ಗುಂಡು ಹಾರಿಸುವುದು ನಿಂತಿತೆಂದು ಸುದ್ದಿ ಬಂತು. ಯಾರೂ ಕುಣಿಯಲಿಲ್ಲ. ಹೆಚ್ಚಿನವರು ಇದ್ದಲ್ಲೇ ಮಲಗಿಬಿಟ್ಟರು. ಒಂದಷ್ಟು ಕಾಲ ಅಲ್ಲೇ ಇದ್ದು ಪಲ್ಟನ್ ವಾಪಸಾಯಿತು. ನಾನು ಮತ್ತು ಅಫಜಲಪುರದವನು ಒಟ್ಟಿಗೇ ರಜೆಯಲ್ಲಿ ಬಂದೆವು. ಆಗ ತೊಗರಿ ಹೂ ಬಿಟ್ಟಿತ್ತು.

ಇಬ್ಬರೂ ಜೇವರ್ಗಿಗೆ ಹೋದೆವು. ನಮ್ಮವನು ಆಸ್ಪತ್ರೆಯಿಂದ ಮನೆಗೆ ಬಂದು, ಕೋಲು ಹಿಡಿದು ಓಣಿಯಲ್ಲಿ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದ. ಕಾಲು ಉಳಿದಿತ್ತು. ಪೂರ್ತಿ ಮಡಚಲು ಬರುವುದಿಲ್ಲವೆಂದು ವೈದ್ಯರು ಹೇಳಿದ್ದರು. ಅವನ ತಾಯಿ ನಮ್ಮನ್ನು ಕೂರಿಸಿ ಉಣಬಡಿಸಿದರು. ನೆರೆಮನೆಯ ಹಿರಿಯರೊಬ್ಬರು ಸುದ್ದಿ ತಿಳಿದು ಬಂದು ಎದುರಿಗೆ ಕೂತರು.

"ಟಿವಿ ಒಳಗ ಎಲ್ಲಾ ನೋಡಿದ್ವಿರಿ," ಎಂದರು. "ಖರೇ ಹ್ಯಾಂಗಿತ್ರಿ ಅಲ್ಲಿ? ಹೇಳ್ರಿ ಸ್ವಲ್ಪ."

ನಾವು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕೊನೆಗೆ ಜೇವರ್ಗಿಯವನೇ ಬಾಯಿಬಿಟ್ಟ.

"ಭಾಳ ಮಣ್ಣು ತೋಡಿದ್ವಿರಿ ಚಾಚಾ."

ಅಫಜಲಪುರದವನಿಗೆ ನಗೆ ಬಂತು. ನನಗೂ ಬಂತು. ಹಿರಿಯರು ನಾವು ಯಾಕೆ ನಗುತ್ತಿದ್ದೇವೆಂದು ತಿಳಿಯದೆ ತಾವೂ ನಕ್ಕರು. ಒಳಗಿನಿಂದ ತಾಯಿ ಬಂದು, ಬಾಗಿಲಲ್ಲಿ ನಿಂತು, ಮಗನ ಮುಖವನ್ನೇ ನೋಡುತ್ತಿದ್ದರು.

ಬಿಸಿಲು ಇಳಿದ ಮೇಲೆ ಬಸ್ ನಿಲ್ದಾಣಕ್ಕೆ ನಡೆದೆವು. ಜೇವರ್ಗಿಯವನು ಬೇಡವೆಂದರೂ ಕೋಲು ಊರುತ್ತ ಜೊತೆಗೆ ಬಂದ. ನಾವಿಬ್ಬರೂ ಅವನ ನಡಿಗೆಗೆ ನಮ್ಮ ನಡಿಗೆ ಹೊಂದಿಸಿಕೊಂಡೆವು. ಬಸ್ಸು ಬರುವುದು ತಡವಾಯಿತು. ಯಾರಿಗೂ ಅವಸರವಿರಲಿಲ್ಲ.